ಫೈಲ್ ಬೆಂಗಳೂರಿಗೆ ಹೋಗ್ಯದ

ಕಲಬುರಗಿ ಸೀಮೆಯವರನ್ನು ಯಾರನ್ನಾದರೂ ಕೇಳಿ ನೋಡಿ, ಆಫೀಸುಗಳಲ್ಲಿ ಅತಿ ಹೆಚ್ಚು ಸಲ ಕೇಳಿಸಿಕೊಂಡ ಮಾತು ಯಾವುದು ಅಂತ. "ಫೈಲ್ ಬೆಂಗಳೂರಿಗೆ ಹೋಗ್ಯದ್ರಿ." ಶಾಲೆಯ ಕೋಣೆ ಸೋರಿದರೂ ಅದೇ, ಕುಡಿಯೋ ನೀರಿನ ಮೋಟರ್ ಸುಟ್ಟರೂ ಅದೇ. ಹೋದ ಫೈಲು ಬರುವ ತನಕ ಕಟ್ಟೆ ಮೇಲೆ ಕೂಡಬೇಕು. 371(ಜೆ)ಗಾಗಿ ನಮ್ಮ ಕಡೆಯ ಹಿರಿಯರು ವರ್ಷಗಟ್ಟಲೆ ಬಡಿದಾಡಿದ್ದು ಬರೀ ಸೀಟಿಗೆ, ನೌಕರಿಗೆ ಅಂತ ಇಲ್ಲಿಯವರು ತಿಳಿದಿದ್ದಾರೆ. ಅಲ್ಲ. ಈ ಒಂದು ವಾಕ್ಯದ ವಿರುದ್ಧವೂ ಆ ಜಗಳ ಇತ್ತು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಆ ತಿದ್ದುಪಡಿಯನ್ನು ಒಪ್ಪಿತು.

ಈಗ ಅದೇ ವಾಕ್ಯವನ್ನು ನಾವು, ಅಂದರೆ ಬೆಂಗಳೂರಿನ ಸಾಫ್ಟ್‌ವೇರ್ ಮಂದಿ, ನೆಟ್‌ವರ್ಕ್ ಸ್ವಿಚ್ಚುಗಳಿಗೆ ಬಾಯಿಪಾಠ ಮಾಡಿಸುತ್ತಿದ್ದೇವೆ. ಅದಕ್ಕೊಂದು ದೊಡ್ಡ ಹೆಸರೂ ಇದೆ, ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕಿಂಗ್. ಎಸ್‌ಡಿಎನ್.

ಗೊತ್ತಿಲ್ಲದವರಿಗೆ ಎರಡು ಮಾತು. ಹಳೇ ಕಾಲದ ಸ್ವಿಚ್ಚು, ರೂಟರುಗಳಲ್ಲಿ ತಲೆಯೂ ಕೈಯೂ ಒಂದೇ ಡಬ್ಬಿಯಲ್ಲಿರುತ್ತಿದ್ದವು. ಈ ಪ್ಯಾಕೆಟ್ ಯಾವ ಕಡೆ ಹೋಗಬೇಕು ಅಂತ ತೀರ್ಮಾನಿಸುವುದು ತಲೆ, ಅದನ್ನು ಆ ಕಡೆ ದಬ್ಬುವುದು ಕೈ. ಎಸ್‌ಡಿಎನ್ ಮಾಡಿದ್ದೇನೆಂದರೆ ತಲೆಯನ್ನು ಬಿಚ್ಚಿ ಹೊರಗೆ ಒಂದು ಕಂಪ್ಯೂಟರಿನಲ್ಲಿ ಇಟ್ಟಿದ್ದು. ಆ ಕಂಪ್ಯೂಟರೇ ಕಂಟ್ರೋಲರ್. ಸ್ವಿಚ್ಚಿನಲ್ಲಿ ಉಳಿಯುವುದು ಒಂದು ಕೋಷ್ಟಕ ಮಾತ್ರ: ಇಂಥ ಪ್ಯಾಕೆಟ್ ಬಂದರೆ ಇಂಥ ಪೋರ್ಟಿಗೆ ಕಳಿಸು. ಕೋಷ್ಟಕದಲ್ಲಿಲ್ಲದ ಪ್ಯಾಕೆಟ್ ಬಂದರೆ ಸ್ವಿಚ್ಚು ಅದನ್ನು ಕಂಟ್ರೋಲರಿಗೆ ಕಳಿಸಿ "ಇದಕ್ಕೇನು ಮಾಡಲಿ?" ಅಂತ ಕೇಳುತ್ತದೆ. ಓಪನ್‌ಫ್ಲೋ ಭಾಷೆಯಲ್ಲಿ ಇದರ ಹೆಸರು ಪ್ಯಾಕೆಟ್-ಇನ್. ನಮ್ಮ ಭಾಷೆಯಲ್ಲಿ, ಫೈಲ್ ಮ್ಯಾಲ ಹೋಗ್ಯದ.

ನಾನು ಈ ತಂತ್ರಜ್ಞಾನದ ವೈರಿ ಅಲ್ಲ. ಇದನ್ನೇ ಉಂಡು ಬದುಕುತ್ತಿರುವವನು. ಹಳೇ ಲ್ಯಾಪ್‌ಟಾಪಿನಲ್ಲಿ ಮಿನಿನೆಟ್ ಹಾಕಿ, ಪಕ್ಕದಲ್ಲಿ ಓನೋಸ್ ಅಥವಾ ಓಪನ್‌ಡೇಲೈಟ್ ಎಬ್ಬಿಸಿ, ಇಲ್ಲದ ಇಪ್ಪತ್ತು ಸ್ವಿಚ್ಚುಗಳು ಒಂದು ಪ್ರೋಗ್ರಾಮಿನ ಮಾತು ಕೇಳಿ ಕುಣಿಯುವುದನ್ನು ನೋಡುವ ಖುಷಿ ಬೇರೆ. ಒಂದು ಪೈಸೆ ಖರ್ಚಿಲ್ಲ. ನನ್ನ ಸಿಟ್ಟು ಇರೋದು ಇದನ್ನು ಎಲ್ಲಿ ಕೂಡಿಸುತ್ತೇವೆ, ಯಾರ ತಲೆ ಕಿತ್ತು ಯಾರ ಟೇಬಲ್ಲಿನ ಮೇಲೆ ಇಡುತ್ತೇವೆ ಅನ್ನೋದರ ಮೇಲೆ.

ಒಂದು ಪ್ರಸಂಗ ಹೇಳ್ತೀನಿ. ಕಂಪನಿಯ ಹೆಸರು ಬೇಡ, ಊರಿನ ಹೆಸರೂ ಬೇಡ. ನಮ್ಮ ಕಡೆಯ ಒಂದು ಗೋದಾಮು, ತೊಗರಿ ಸುಗ್ಗಿಯ ದಿನಗಳು. ರಸ್ತೆ ಅಗಲ ಮಾಡುತ್ತಿದ್ದ ಜೆಸಿಬಿ ಫೈಬರ್ ಕಿತ್ತು ಹಾಕಿತು. ಇಂಟರ್‌ನೆಟ್ ಹೋಗುವುದು ಅಲ್ಲಿ ದೊಡ್ಡ ಸುದ್ದಿಯಲ್ಲ. ಆದರೆ ಈ ಸಲ ಲಾರಿ ಕಾಟಾ ಕೂಡ ನಿಂತಿತು. ಕಾಟಾದ ಕಂಪ್ಯೂಟರು, ಬಿಲ್ಲಿನ ಕಂಪ್ಯೂಟರು ಎರಡೂ ಒಂದೇ ಕೋಣೆಯಲ್ಲಿ, ಒಂದೇ ಸ್ವಿಚ್ಚಿಗೆ ಸಿಕ್ಕಿಸಿದವು. ಎರಡಕ್ಕೂ ಬೆಂಗಳೂರಿನ ಹತ್ತಿರ ಏನೂ ಕೆಲಸ ಇರಲಿಲ್ಲ. ಆದರೂ ಒಂದಕ್ಕೊಂದು ಮಾತಾಡಲಿಲ್ಲ. ಯಾಕೆಂದರೆ ಸ್ವಿಚ್ಚಿನ ತಲೆ ಬೆಂಗಳೂರಿನಲ್ಲಿತ್ತು, ಮತ್ತು "ಕಂಟ್ರೋಲರ್ ಸಿಗದಿದ್ದರೆ ಸ್ವಂತ ಬುದ್ಧಿ ಓಡಿಸಬೇಡ" ಅಂತ ಅದಕ್ಕೆ ಹೇಳಿಟ್ಟಿದ್ದರು. ಕೋಷ್ಟಕದ ಸಾಲುಗಳಿಗೆ ಹತ್ತು ಸೆಕೆಂಡಿನ ಆಯುಷ್ಯ. ಹತ್ತು ಸೆಕೆಂಡು ಯಾರೂ ಮಾತಾಡದಿದ್ದರೆ ಸಾಲು ಅಳಿಯುತ್ತದೆ, ಮುಂದಿನ ಪ್ಯಾಕೆಟ್ಟಿಗೆ ಮತ್ತೆ ಬೆಂಗಳೂರಿನ ಅಪ್ಪಣೆ.

ವಿನ್ಯಾಸ ನನ್ನದಲ್ಲ. ಆದರೆ ಫೋನು ನನಗೆ ಕೊಟ್ಟರು. "ನೀನು ಆ ಕಡೆಯವನಲ್ಲವಾ, ಅವರ ಕನ್ನಡ ನಿನಗೇ ಅರ್ಥ ಆಗೋದು" ಅಂತ. (ಇದು ನಮ್ಮಂಥವರ ಕೆಲಸದ ವಿವರಣೆಯಲ್ಲಿ ಬರೆಯದೇ ಬಿಟ್ಟ ಸಾಲು.) ಆ ಕಡೆಯಿಂದ ಕಾಟಾದ ಹುಡುಗ ಹೇಳಿದ್ದು ಇಷ್ಟು: "ಸರ್, ಎರಡೂ ಮಷೀನ್ ಇಲ್ಲೇ ಅವ ನೋಡ್ರಿ. ನಡುವ ಒಂದ್ ಮಾರ ಜಾಗ ಇಲ್ಲ. ಇವೆರಡು ಮಾತಾಡ್ಲಿಕ್ಕೆ ಬೆಂಗಳೂರ್ ಯಾಕ್ ಬೇಕ್ರಿ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವಿನ್ಯಾಸ ಮಾಡಿದವರ ಹತ್ತಿರ ಇದೆಯಾ ಅಂತ ಆ ದಿನ ಕೇಳಿದೆ. ಅವರು "ಸಿಂಗಲ್ ಪೇನ್ ಆಫ್ ಗ್ಲಾಸ್" ಅಂದರು. ಅಂದರೆ ಎಲ್ಲವೂ ಒಂದೇ ಪರದೆಯಲ್ಲಿ ಕಾಣಬೇಕು. ಯಾರಿಗೆ ಕಾಣಬೇಕು? ಔಟರ್ ರಿಂಗ್ ರೋಡಿನ ಏಳನೇ ಮಹಡಿಯಲ್ಲಿ ಕೂತವರಿಗೆ. ಹೊರಗೆ ಲಾರಿಗಳು ಸಾಲುಗಟ್ಟಿದ್ದು ಆ ಪರದೆಯಲ್ಲಿ ಕಾಣುವುದಿಲ್ಲ. ಹಮಾಲರಿಗೆ ಚೀಲದ ಲೆಕ್ಕದಲ್ಲಿ ಕೂಲಿ. ತೂಕ ಆಗದಿದ್ದರೆ ಚೀಲ ಇಳಿಯುವುದಿಲ್ಲ, ಚೀಲ ಇಳಿಯದಿದ್ದರೆ ಆ ದಿನದ ಕೂಲಿ ಇಲ್ಲ. ಅದಂತೂ ಯಾವ ಪರದೆಯಲ್ಲೂ ಕಾಣುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ಚುಕ್ಕಿ ಬಂದಿತ್ತು ಅಷ್ಟೇ.

ಹುಡುಗನಿಗೆ ನಾನು ಹೇಳಿದ್ದು, ಹಳೇ ಡಬ್ಬಿ ಸ್ವಿಚ್ಚು ಇದ್ದರೆ ಹುಡುಕು ಅಂತ. ಅಟ್ಟದ ಮೇಲೆ ಒಂದು ಇತ್ತು, ಧೂಳು ಹಿಡಿದದ್ದು, ಎಂಟು ಪೋರ್ಟಿನದು, ಕಾನ್ಫಿಗರ್ ಮಾಡಲು ಏನೂ ಇಲ್ಲದ್ದು. ಎರಡು ವೈರು ಕಿತ್ತು ಅದಕ್ಕೆ ಚುಚ್ಚಿದ. ಐದು ನಿಮಿಷದಲ್ಲಿ ಕಾಟಾ ಚೀಟಿ ಬಂತು. ಮುಂದಿನ ವಾರ ಆ ಗೋದಾಮಿಗೆ ಒಂದು ಮೇಲ್ ಹೋಯಿತು: ಅನುಮತಿ ಇಲ್ಲದ ಉಪಕರಣ ಬಳಸಿದ್ದೇಕೆ, ವಿವರಣೆ ಕೊಡಿ.

ನನಗೆ ಆ ಮೇಲ್ ಓದಿದಾಗ ನೆನಪಾದದ್ದು ಆದಿತ್ಯನಗರ. ಮಳಖೇಡದ ಹತ್ತಿರ ರಾಜಶ್ರೀ ಸಿಮೆಂಟಿನ ಕಾಲೊನಿ ಅದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಅಂದರೆ ನೆಲದಡಿ ಸುಣ್ಣದ ಕಲ್ಲು, ನೆಲದ ಮೇಲೆ ಚಿಮಣಿ. ಈ ಕಡೆ ಬೆಳೆದವರ ಮನೆಯಲ್ಲಿ ಒಬ್ಬರಾದರೂ ಸಿಮೆಂಟ್ ಕಾರ್ಖಾನೆಯಲ್ಲಿ ಶಿಫ್ಟು ಮಾಡಿರುತ್ತಾರೆ. ಹಾಗಾಗಿ ಕಿಲ್ನ್ ಅನ್ನೋ ಶಬ್ದ ನಮಗೆ ಬಿಇ ಸೇರುವ ಮುಂಚೆಯೇ ಗೊತ್ತು. ಓರೆಯಾಗಿ ಮಲಗಿಸಿದ ಉದ್ದನೆಯ ಉಕ್ಕಿನ ಕೊಳವೆ, ಒಳಗೆ 1450 ಡಿಗ್ರಿ ತನಕ ಕಾಯುವ ಸರಕು, ಯಾವಾಗಲೂ ತಿರುಗುತ್ತಿರಬೇಕು. ಕರೆಂಟು ಹೋಗಿ ಬಿಸಿ ಕಿಲ್ನ್ ನಿಂತುಬಿಟ್ಟರೆ ಒಂದು ಮಗ್ಗುಲು ಬಿಸಿ, ಒಂದು ಮಗ್ಗುಲು ತಣ್ಣಗಾಗಿ, ತನ್ನದೇ ಭಾರಕ್ಕೆ ಅದು ಬಾಗುತ್ತದೆ. ಕೋಟಿಗಟ್ಟಲೆ ನಷ್ಟ. ಅದಕ್ಕೇ ಅದರ ಬುಡದಲ್ಲೇ ಇನ್ನೊಂದು ಸಣ್ಣ ಡ್ರೈವ್ ಇಟ್ಟಿರುತ್ತಾರೆ, ಡೀಸೆಲ್ ಎಂಜಿನ್ನಿನ ಮೇಲೋ ಜನರೇಟರಿನ ಮೇಲೋ ಓಡುವಂಥದ್ದು. ಪ್ರೊಡಕ್ಷನ್ ಇಲ್ಲ, ವೇಗ ಇಲ್ಲ. ಬಾಗದಂತೆ ನಿಧಾನ ತಿರುಗಿಸುವುದಷ್ಟೇ ಅದರ ಕೆಲಸ.

ಸಿಮೆಂಟ್ ಕಾರ್ಖಾನೆಯಲ್ಲೂ ಕಂಟ್ರೋಲ್ ರೂಮ್ ಉಂಟು. ಅಲ್ಲೂ "ಎಲ್ಲವೂ ಒಂದೇ ಪರದೆಯಲ್ಲಿ" ಉಂಟು. ಆದರೆ ಅವರು ತಮ್ಮ ವ್ಯವಸ್ಥೆಗೆ ಇಟ್ಟ ಹೆಸರು ನೋಡಿ: ಡಿಸ್ಟ್ರಿಬ್ಯೂಟೆಡ್ ಕಂಟ್ರೋಲ್ ಸಿಸ್ಟಮ್. 1975ರಲ್ಲೇ ಹನಿವೆಲ್, ಯೊಕೊಗಾವಾ ಕಂಪನಿಗಳು ಇದನ್ನು ಮಾರುಕಟ್ಟೆಗೆ ತಂದವು. ಕಂಟ್ರೋಲ್ ರೂಮಿನವನು ಹೇಳುವುದು "ಇಷ್ಟು ಉಷ್ಣತೆ ಇರಲಿ, ಇಷ್ಟು ವೇಗ ಇರಲಿ" ಅಂತ ಮಾತ್ರ. ಅದನ್ನು ಹಿಡಿದಿಡುವ ಕೆಲಸ ಯಂತ್ರದ ಹತ್ತಿರವೇ ಇರುವ ಸಣ್ಣ ಕಂಟ್ರೋಲರುಗಳದು. ಪರದೆ ಕಪ್ಪಾದರೂ ಅವು ಕೊನೆಯ ಮಾತನ್ನು ಪಾಲಿಸುತ್ತಾ ಇರುತ್ತವೆ. ಧೂಳಿನಲ್ಲಿ ಕೆಲಸ ಮಾಡುವವರಿಗೆ ಐವತ್ತು ವರ್ಷದ ಹಿಂದೆ ಹೊಳೆದದ್ದು ಏಸಿಯಲ್ಲಿ ಕೂತ ನಮಗೆ ಇನ್ನೂ ಹೊಳೆದಿಲ್ಲ.

ಹೊಳೆದಿಲ್ಲ ಅನ್ನೋದೂ ಪೂರ್ತಿ ನಿಜವಲ್ಲ. ಎಸ್‌ಡಿಎನ್ ಹುಟ್ಟುಹಾಕಿದವರಿಗೆ ಗೊತ್ತಿತ್ತು. ಸ್ಟ್ಯಾನ್‌ಫರ್ಡಿನ ನಿಕ್ ಮೆಕ್‌ಕ್ಯೂನ್ ಮತ್ತು ಜೊತೆಗಾರರು 2008ರಲ್ಲಿ ಓಪನ್‌ಫ್ಲೋ ಬಗ್ಗೆ ಬರೆದ ಲೇಖನದ ತಲೆಬರಹದಲ್ಲೇ "ಕ್ಯಾಂಪಸ್ ನೆಟ್‌ವರ್ಕ್" ಅಂತ ಇದೆ. ಒಂದು ಕಾಲೇಜಿನ ಆವರಣ, ಕಂಟ್ರೋಲರ್ ಪಕ್ಕದ ಕಟ್ಟಡದಲ್ಲಿ. ಗೂಗಲ್ ತನ್ನ ಡೇಟಾ ಸೆಂಟರುಗಳ ನಡುವಿನ ಬಿ4 ಜಾಲದ ಬಗ್ಗೆ 2013ರಲ್ಲಿ ಬರೆದದ್ದನ್ನೂ ಓದಿ. ಅಲ್ಲಿ ಪ್ರತಿ ಜಾಗದಲ್ಲೂ ಆ ಜಾಗದ್ದೇ ಕಂಟ್ರೋಲರುಗಳಿವೆ. ಕೇಂದ್ರದಲ್ಲಿರುವುದು ಟ್ರಾಫಿಕ್ ಹಂಚಿಕೆಯ ಸಲಹೆ ಕೊಡುವ ಸರ್ವರ್. ಅದು ಕೈಕೊಟ್ಟರೆ ಜಾಲ ಹಳೇ ಪದ್ಧತಿಯ ಹತ್ತಿರದ ದಾರಿಗೆ ಮರಳುತ್ತದೆ. ನಮ್ಮ ಸಲಹೆಗಾರರು ಸ್ಲೈಡಿನಲ್ಲಿ "ಗೂಗಲ್ ಕೂಡ ಹೀಗೇ ಮಾಡುತ್ತೆ" ಅಂತ ತೋರಿಸುತ್ತಾರೆ. ಗೂಗಲ್ ಹಾಗೆ ಮಾಡುವುದಿಲ್ಲ ಸ್ವಾಮಿ. ಮೊದಲ ಪುಟ ಓದಿ ಬಿಟ್ಟಿದ್ದೀರಿ.

ಹಾಗೆ ಎಚ್ಚರಿಕೆಯಿಂದ ಕಟ್ಟಿದವರೂ ಬಿದ್ದಿದ್ದಾರೆ. 2019ರ ಜೂನ್ 2ರಂದು ಗೂಗಲ್ ಕ್ಲೌಡಿನಲ್ಲಿ ಒಂದು ನಿರ್ವಹಣೆಯ ಕೆಲಸ ನಡೆಯುವಾಗ, ಸ್ವಯಂಚಾಲಿತ ವ್ಯವಸ್ಥೆಯೊಂದು ಹಲವು ಕಡೆಯ ನೆಟ್‌ವರ್ಕ್ ಕಂಟ್ರೋಲ್ ಪ್ರೋಗ್ರಾಮುಗಳನ್ನೇ ಒಟ್ಟಿಗೆ ನಿಲ್ಲಿಸಿಬಿಟ್ಟಿತು. ತಲೆ ಹೋದರೂ ಸ್ವಲ್ಪ ಹೊತ್ತು ಕೈ ಕೆಲಸ ಮಾಡುವಂತೆ ಅವರು ಕಟ್ಟಿದ್ದರು, ಹಾಗೇ ಕೆಲವು ನಿಮಿಷ ನಡೆಯಿತು ಕೂಡ. ಆಮೇಲೆ ದಾರಿಗಳು ಒಂದೊಂದೇ ಮುಚ್ಚಿದವು. ರಿಪೇರಿಯ ಸಲಕರಣೆಗಳು ಓಡಬೇಕಾದದ್ದೂ ಅದೇ ಕಿಕ್ಕಿರಿದ ಜಾಲದ ಮೇಲೆ, ಹಾಗಾಗಿ ಕಾರಣ ಹುಡುಕುವುದೂ ತಡವಾಯಿತು. 2021ರ ಅಕ್ಟೋಬರ್ 4ರ ಫೇಸ್‌ಬುಕ್ ಕಥೆ ನಿಮಗೆ ನೆನಪಿದ್ದೀತು, ವಾಟ್ಸಾಪ್ ಇಲ್ಲದೆ ಆರು ತಾಸು ಕಳೆದ ರಾತ್ರಿ. 2022ರ ಜುಲೈ 8ರಂದು ಕೆನಡಾದ ರಾಜರ್ಸ್ ಕಂಪನಿಯ ಜಾಲ ಬಿದ್ದಾಗ ಅವರ ಎಂಜಿನಿಯರುಗಳಿಗೆ ತಮ್ಮದೇ ಉಪಕರಣಗಳನ್ನು ಮುಟ್ಟಲಾಗಲಿಲ್ಲ, ಯಾಕೆಂದರೆ ರಿಪೇರಿಯ ದಾರಿ ಬಿದ್ದುಹೋದ ಜಾಲದ ಮೇಲೇ ಇತ್ತು. ಕೊನೆಯ ಎರಡು ಎಸ್‌ಡಿಎನ್ ಕಂಟ್ರೋಲರಿನ ಕಥೆಗಳಲ್ಲ. ಆದರೆ ರೋಗ ಒಂದೇ: ಬಾವಿಗೆ ಬಿದ್ದವನ ಕೈಯಲ್ಲೇ ಹಗ್ಗ.

ಇಷ್ಟು ದೊಡ್ಡವರ ಕಥೆ ಹೀಗಾದರೆ, ಮೂರು ಕಂಟ್ರೋಲರಿನ ಕ್ಲಸ್ಟರ್ ಹಾಕಿದ್ದೇವೆ ಅಂತ ಎದೆ ತಟ್ಟಿಕೊಳ್ಳುವ ನಮ್ಮವರ ಕಥೆ ಏನು? ಓನೋಸ್‌ನಂಥ ಕ್ಲಸ್ಟರಿನಲ್ಲಿ ಲೆಕ್ಕ ಬಹುಮತದ್ದು. ಮೂರರಲ್ಲಿ ಒಂದು ಸತ್ತರೆ ಉಳಿದೆರಡು ನಡೆಸುತ್ತವೆ, ಎರಡು ಸತ್ತರೆ ಉಳಿದ ಒಂದು ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ಸರಿ. ನಾನು ನೋಡಿದ ಒಂದು ಕಡೆ ಆ ಮೂರೂ ವರ್ಚುವಲ್ ಮಷೀನುಗಳು ಒಂದೇ ಸರ್ವರಿನೊಳಗೆ ಕೂತಿದ್ದವು. ಒಂದೇ ಪವರ್ ಕಾರ್ಡು. ಚಿತ್ರದಲ್ಲಿ ಮಾತ್ರ ಮೂರು ಡಬ್ಬಿ ಚಂದಗೆ ಬರೆದಿದ್ದರು, ಬೇರೆ ಬೇರೆ ಬಣ್ಣದಲ್ಲಿ.

ಸೆಕ್ಯೂರಿಟಿಯವರು ಇಲ್ಲಿ ಕೈ ಎತ್ತುತ್ತಾರೆ, ಗೊತ್ತು. ಕಂಟ್ರೋಲರ್ ಸಿಗದಾಗ ಸ್ವಿಚ್ಚು ತನ್ನಷ್ಟಕ್ಕೆ ಎಲ್ಲರನ್ನೂ ಬಿಟ್ಟುಬಿಟ್ಟರೆ, ಕಳ್ಳ ಮೊದಲು ಕಂಟ್ರೋಲರಿನ ವೈರನ್ನೇ ಕತ್ತರಿಸುತ್ತಾನಲ್ಲ? ನ್ಯಾಯವಾದ ಮಾತು. ಓಪನ್ ವಿಸ್ವಿಚ್‌ನಲ್ಲಿ ಇದಕ್ಕೆ ಎರಡು ಆಯ್ಕೆ. ಸ್ಟ್ಯಾಂಡಲೋನ್ ಅಂದರೆ ಕಂಟ್ರೋಲರ್ ಸಿಗದಿದ್ದರೆ ಮಾಮೂಲಿ ಸ್ವಿಚ್ಚಿನಂತೆ ನಡೆ. ಸೆಕ್ಯೂರ್ ಅಂದರೆ ಸ್ವಂತ ಸಾಲು ಬರೆಯಬೇಡ, ಇದ್ದಷ್ಟರಲ್ಲಿ ನಡೆ. ಸ್ಟ್ಯಾಂಡಲೋನ್ ಇಟ್ಟರೆ ಎಲ್ಲ ಸುಖ ಅಂತಲೂ ಅಲ್ಲ. ಒಂದು ವೈರು ಹೋದರೆ ಇನ್ನೊಂದಿರಲಿ ಅಂತ ಸ್ವಿಚ್ಚುಗಳನ್ನು ಉಂಗುರದಂತೆ ಜೋಡಿಸಿದ್ದರೆ, ಆ ಉಂಗುರವನ್ನು ಸಂಭಾಳಿಸುತ್ತಿದ್ದದ್ದು ಕಂಟ್ರೋಲರ್. ಅದು ಹೋದ ಕೂಡಲೇ ಎಲ್ಲ ಸ್ವಿಚ್ಚೂ ಮಾಮೂಲಿಯಾಗಿ, ಒಂದೇ ಪ್ಯಾಕೆಟ್ ಗಾಣದ ಎತ್ತಿನಂತೆ ಸುತ್ತುತ್ತಾ, ಪ್ರತಿ ಸುತ್ತಿಗೂ ಮರಿ ಹಾಕುತ್ತಾ, ಇಡೀ ಜಾಲ ಉಸಿರುಕಟ್ಟುತ್ತದೆ. ಓಪನ್ ವಿಸ್ವಿಚ್ಚಿನಲ್ಲಿ ಸ್ಪ್ಯಾನಿಂಗ್ ಟ್ರೀ ತಾನಾಗಿ ಚಾಲೂ ಇರುವುದಿಲ್ಲ, ನೀವೇ ಹಾಕಬೇಕು.

ಆದರೆ ಸೆಕ್ಯೂರ್ ಅಂದರೆ ಎಲ್ಲ ಬಂದ್ ಅಂತ ಯಾರು ಹೇಳಿದರು? ಕೋಷ್ಟಕದಲ್ಲಿ ಮೊದಲೇ ಬರೆದಿಟ್ಟ, ಆಯುಷ್ಯದ ಮಿತಿ ಇಲ್ಲದ ಸಾಲುಗಳು ಸೆಕ್ಯೂರ್ ಸ್ಥಿತಿಯಲ್ಲೂ ನಡೆಯುತ್ತಲೇ ಇರುತ್ತವೆ. ಕಾಟಾ ಮತ್ತು ಬಿಲ್ಲಿನ ನಡುವಿನ ದಾರಿಯನ್ನು ಹೊಸದಾಗಿ ಪ್ರತಿ ಹತ್ತು ಸೆಕೆಂಡಿಗೊಮ್ಮೆ ಕಂಡುಹಿಡಿಯಬೇಕಾಗಿಲ್ಲ. ಅದು ಗೋದಾಮು ಕಟ್ಟಿದ ದಿನದಿಂದ ಇರುವ ದಾರಿ. ಬರೆದಿಟ್ಟರೆ ಆಯಿತು. ಒಂದು ವೈರು ಹೋದರೆ ಇನ್ನೊಂದಕ್ಕೆ ಹೊರಳಲು ಕಂಟ್ರೋಲರಿನ ಅಪ್ಪಣೆ ಬೇಕಿಲ್ಲದ ಫಾಸ್ಟ್ ಫೇಲೋವರ್ ಗ್ರೂಪು ಓಪನ್‌ಫ್ಲೋ 1.1ರಿಂದಲೇ ಇದೆ. ಒಂದು ಹೆಸರಾಂತ ಎಸ್‌ಡಿ-ವ್ಯಾನ್ ಉತ್ಪನ್ನದಲ್ಲಿ ಕಂಟ್ರೋಲರ್ ಕಣ್ಮರೆಯಾದರೂ ಹನ್ನೆರಡು ತಾಸು ಕೊನೆಯ ಸೂಚನೆಯ ಮೇಲೆ ನಡೆಯುವ ಟೈಮರ್ ಕಾರ್ಖಾನೆಯಿಂದಲೇ ಹಾಕಿ ಬರುತ್ತದೆ. ಎಲ್ಲ ಇದೆ. ಬೇಡ ಅಂದವರು ನಾವು. ಯಾಕೆಂದರೆ ಡೆಮೊದಲ್ಲಿ ಮೊದಲ ಪ್ಯಾಕೆಟ್ ಕಂಟ್ರೋಲರಿಗೆ ಬಂದು, ಪರದೆಯ ಮೇಲೆ ಗೆರೆಯೊಂದು ಹಸಿರಾಗಿ ಮೂಡುವುದನ್ನು ನೋಡಲು ಚೆನ್ನಾಗಿರುತ್ತದೆ. ಗಿರಾಕಿ ಚಪ್ಪಾಳೆ ಹೊಡೆಯುತ್ತಾನೆ. ಬೆಂಗಳೂರು–ಕಲಬುರಗಿ ಸುಮಾರು 600 ಕಿ.ಮೀ., ಫೈಬರಿನಲ್ಲಿ ಬೆಳಕಿಗೇ ಹೋಗಿಬರಲು 6 ಮಿಲಿಸೆಕೆಂಡ್ ಬೇಕು, ಅದೂ ಫೈಬರು ನೆಟ್ಟಗೆ ಹೋಗಿದ್ದರೆ, ದಾರಿಯಲ್ಲಿ ಯಾರೂ ತಡೆಯದಿದ್ದರೆ. ಡೆಮೊ ನಡೆಯುವುದು ಒಂದೇ ಟೇಬಲ್ಲಿನ ಮೇಲೆ.

ಇನ್ನೊಂದು ವಾದ ಬರುತ್ತದೆ, ಮೆಲ್ಲಗೆ, ಮೀಟಿಂಗ್ ಮುಗಿದ ಮೇಲೆ ಕಾಫಿ ಹಿಡಿದುಕೊಂಡು. "ಅಲ್ಲಿ ಯಾರಿದಾರೆ ಮಾರಾಯ, ಇದನ್ನೆಲ್ಲಾ ನೋಡ್ಕೊಳ್ಳೋಕೆ?" ನನ್ನ ಮೈ ಉರಿಯುವುದು ಇಲ್ಲಿ. ಕಲಬುರಗಿಯಲ್ಲಿ ಪಿಡಿಎ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1958ರಲ್ಲಿ. ನೀವು ಓದಿದ ಬಹುಪಾಲು ಕಾಲೇಜುಗಳು ಆಗ ಹುಟ್ಟಿರಲಿಲ್ಲ. ಅಲ್ಲಿ ಕಲಿತವರು ನಿಮ್ಮ ಪಕ್ಕದ ಕ್ಯೂಬಿಕಲ್ಲಿನಲ್ಲೇ ಕೂತಿದ್ದಾರೆ, ಊರಲ್ಲಿ ಕೆಲಸ ಇಲ್ಲದ್ದಕ್ಕೆ. ಊರಲ್ಲಿ ಯಾಕೆ ಕೆಲಸ ಇಲ್ಲ? ತಲೆಯನ್ನೆಲ್ಲ ಬಿಚ್ಚಿ ಇಲ್ಲಿಗೆ ತಂದು, ಅಲ್ಲಿ ಬರೀ ಕೈ ಬಿಟ್ಟಿದ್ದೇವೆ. ಆಮೇಲೆ ಅಲ್ಲಿ ತಲೆ ಇಲ್ಲ ಅಂತ ನಾವೇ ಹೇಳುತ್ತೇವೆ. ಅಟ್ಟದಿಂದ ಡಬ್ಬಿ ಸ್ವಿಚ್ಚು ಇಳಿಸಿದ ಹುಡುಗನಿಗೆ ಯಾವ ಪೋರ್ಟ್ ಯಾವುದಕ್ಕೆ ಅಂತ ಬೆಂಗಳೂರಿನ ಟೀಮಿಗಿಂತ ಚೆನ್ನಾಗಿ ಗೊತ್ತಿತ್ತು. ಅವನ ಹತ್ತಿರ ಇಲ್ಲದ್ದು ಪಾಸ್‌ವರ್ಡ್. 4ಜಿ ಡಾಂಗಲ್ ಹಾಕಿದ್ದರೂ ಕಂಟ್ರೋಲರ್ ಸಿಗುತ್ತಿತ್ತು. ಆದರೆ ಲೀಸ್ಡ್ ಲೈನಿನ ವಿಳಾಸ ಬಿಟ್ಟು ಬೇರೆ ಕಡೆಯಿಂದ ಬಂದರೆ ಒಳಗೆ ಬಿಡಬೇಡ ಅಂತ ಬರೆದಿಟ್ಟಿದ್ದರು. ಆ ಸಾಲು ಬದಲಾಯಿಸುವ ಅಧಿಕಾರ ಇದ್ದವರು ಅಂದು ಫೋನ್ ಎತ್ತಲಿಲ್ಲ. ಫೈಲ್ ಬೆಂಗಳೂರಿಗೆ ಹೋಗಿತ್ತು.

ಮಳಖೇಡ ಅಂದೆನಲ್ಲ, ಅದೇ ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ನದಿಯ ದಂಡೆಯಲ್ಲಿ ಮುರಿದ ಕೋಟೆ ಇನ್ನೂ ಇದೆ, ಆದಿತ್ಯನಗರಕ್ಕೆ ಹೋಗುವವರು ಹಾದಿಯಲ್ಲಿ ನೋಡಬಹುದು. ಅರ್ಧ ಭಾರತದ ಕಂಟ್ರೋಲರ್ ಒಂದು ಕಾಲಕ್ಕೆ ಇಲ್ಲೇ ಇತ್ತು. 972ರಲ್ಲಿ ಪರಮಾರರ ಸೀಯಕ ಬಂದು ಈ ಒಂದು ಊರನ್ನು ಕೊಳ್ಳೆ ಹೊಡೆದ. ಮರುವರ್ಷವೇ ಚಾಲುಕ್ಯ ತೈಲಪ ರಾಜ್ಯ ಕಿತ್ತುಕೊಂಡ. ರಾಜಧಾನಿ ಬಿದ್ದ ದಿನ ಕಾಗಿಣಾ ದಂಡೆಯ ಹೊಲಗಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ ಅನ್ನೋದು ನನ್ನ ಊಹೆ. ಅಂದಿನ ಹೊಲಗಳಿಗೆ ಓಪನ್‌ಫ್ಲೋ ಹಾಕಿರಲಿಲ್ಲ.

ಆಯಿತು, ಈಗ ಕೆಲಸದ ಮಾತು. ನಿಮ್ಮಲ್ಲಿ ಹಲವರು ಇಂಥ ಯೋಜನೆಗಳಿಗೆ ಸಹಿ ಹಾಕುವ ಜಾಗದಲ್ಲಿದ್ದೀರಿ, ಇಲ್ಲವೇ ಸಹಿ ಹಾಕುವವರ ಪಕ್ಕದಲ್ಲಿದ್ದೀರಿ. ಕೇಂದ್ರದ ಕಂಟ್ರೋಲರ್ ಇರಲಿ, ನೀತಿ ಅಲ್ಲಿಂದಲೇ ಬರಲಿ, ಡ್ಯಾಶ್‌ಬೋರ್ಡೂ ಇರಲಿ. ಆದರೆ ಪ್ರತಿ ಜಾಗದಲ್ಲಿ ಒಂದು ಸಣ್ಣ ಕಂಟ್ರೋಲರ್ ಇಡಿಸಿ. ಹಳೇ ಡೆಸ್ಕ್‌ಟಾಪ್ ಸಾಕು. ಅದಕ್ಕೆ ಹೋಗುವ ವೈರು ಬೇರೆ ಇರಲಿ. ತುರ್ತಿನ ಪಾಸ್‌ವರ್ಡ್ ಲಕೋಟೆಯಲ್ಲಿ ಹಾಕಿ ಅಲ್ಲಿಯ ಮ್ಯಾನೇಜರನ ಕಪಾಟಿನಲ್ಲಿ ಇಡಿ, ಬಳಸಿದರೆ ಮೇಲ್ ಬರೆದು ಕಾಡಬೇಡಿ.

ಸಹಿಗೆ ಮುಂಚೆ ಒಂದು ಪರೀಕ್ಷೆ. ನಾನು ಈಗ ಎಲ್ಲ ಕಡೆ ಇದನ್ನು ಬರೆಯಿಸುತ್ತೇನೆ. ಮಾರುವವರು "ಸರ್, ಇದು ಸ್ಕೋಪ್‌ನಲ್ಲಿ ಇಲ್ಲ" ಅನ್ನುತ್ತಾರೆ. ಇಲ್ಲದಿದ್ದರೆ ಸಹಿಯೂ ಇಲ್ಲ ಅನ್ನಿ. ಹೊರಗಿನ ಫೈಬರ್ ಕೀಳಬೇಕು, ಹತ್ತು ಸೆಕೆಂಡಿಗಲ್ಲ, ಎರಡು ತಾಸಿಗೆ. ಆ ಎರಡು ತಾಸಿನ ನಡುವೆ ಸ್ವಿಚ್ಚಿನ ಕರೆಂಟೂ ತೆಗೆದು ಮತ್ತೆ ಹಾಕಬೇಕು, ಯಾಕೆಂದರೆ ನಮ್ಮ ಕಡೆ ಫೈಬರೂ ಕರೆಂಟೂ ಒಟ್ಟಿಗೇ ಹೋಗುತ್ತವೆ, ಮತ್ತು ಆರಿ ಹತ್ತಿದ ಸ್ವಿಚ್ಚಿನ ಕೋಷ್ಟಕ ಖಾಲಿ; ಬರೆದಿಟ್ಟಿದ್ದ ಸಾಲುಗಳೂ ಅಳಿದಿರುತ್ತವೆ. ಸಾಧ್ಯವಾದರೆ ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಇಟ್ಟುಕೊಳ್ಳಿ, ವಿನ್ಯಾಸ ಮಾಡಿದವರನ್ನು ಅಲ್ಲಿಗೇ ಕರೆಸಿ, ಕಾಟಾದ ಕೋಣೆಯಲ್ಲೇ ಕೂಡಿಸಿ. ಲಾರಿ ಹತ್ತಲಿ. ಚೀಟಿ ಬಂದರೆ ಸಹಿ ಹಾಕಿ.